ಚಪ್ಪಟೆ ತಗಡು ಗಾಳಿಗೆ ದಾರಿಯಾಗುವುದು ಹೇಗೆ?

ಮಕ್ಕಳೇ, ಸೌದೆ ಒಲೆಯ ಮುಂದೆ ಕುಳಿತು ಊದುಗೊಳವೆಯಿಂದ ಊದಿದ್ದೀರಾ? ಕೊಳವೆ ಇಲ್ಲದೆ ಬರೀ ಬಾಯಿಂದ ಊದಿದರೆ ಗಾಳಿ ನಾಲ್ಕೂ ಕಡೆ ಚದುರಿಹೋಗುತ್ತದೆ. ಬೂದಿ ಹಾರಿ ಮುಖಕ್ಕೆ ಬರುತ್ತದೆಯೇ ಹೊರತು ಬೆಂಕಿ ಹೊತ್ತುವುದಿಲ್ಲ. ಅದೇ ಉಸಿರನ್ನು ಕೊಳವೆಯಲ್ಲಿ ಊದಿದರೆ ಸರಿಯಾಗಿ ಕೆಂಡದ ಮೇಲೆ ಬಿದ್ದು ಉರಿ ಏಳುತ್ತದೆ. ಗಾಳಿಗೆ ಸುತ್ತಲೂ ಗೋಡೆ ಕಟ್ಟಿದರೆ ಅದು ನಾವು ತೋರಿಸಿದ ಕಡೆಗೇ ಹೋಗುತ್ತದೆ. ಇಷ್ಟು ಸರಳವಾದ ವಿಷಯ ಇದು.

ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದವರು ಸ್ಥಾಪಿಸಿದ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣದ ತಯಾರಿಕೆ ಆರಂಭವಾಯಿತು. ಅದಿರನ್ನು ಕರಗಿಸುವ ಕುಲುಮೆಗೆ 'ಊದುಕುಲುಮೆ' ಎಂದು ಹೆಸರು. ಬಿಸಿ ಗಾಳಿಯನ್ನು ದೊಡ್ಡ ಕೊಳವೆಗಳ ಮೂಲಕ ಅದರೊಳಗೆ ಊದುತ್ತಾರೆ. ಅಂದರೆ ಅಡುಗೆಮನೆಯ ಊದುಗೊಳವೆ ಮತ್ತು ಕಾರ್ಖಾನೆಯ ಕುಲುಮೆ ಎರಡರ ತತ್ತ್ವವೂ ಒಂದೇ.

ಈಗ ಇನ್ನೊಂದು ಬಗೆಯ ಕೊಳವೆಯ ಬಗ್ಗೆ ತಿಳಿಯೋಣ. ದೊಡ್ಡ ಆಸ್ಪತ್ರೆ, ಸಭಾಂಗಣ, ಸಿನಿಮಾ ಮಂದಿರಗಳಲ್ಲಿ ತಲೆ ಎತ್ತಿ ನೋಡಿ. ಚಾವಣಿಯ ಕೆಳಗೆ ಹೊಳೆಯುವ ತಗಡಿನ ಉದ್ದನೆಯ ಪೆಟ್ಟಿಗೆಯಂಥದ್ದು ಹಾದುಹೋಗಿರುವುದು ಕಾಣಬಹುದು. ಕೆಲವೆಡೆ ಅದನ್ನು ಸುಳ್ಳು ಚಾವಣಿಯ ಹಿಂದೆ ಮುಚ್ಚಿರುತ್ತಾರೆ. ಅದು ಗಾಳಿಯ ನಾಳ. ಕೆಲಸಗಾರರು ಅದನ್ನು 'ಡಕ್ಟು' ಎನ್ನುತ್ತಾರೆ. ತಂಪು ಮಾಡಿದ ಅಥವಾ ಬೆಚ್ಚಗೆ ಮಾಡಿದ ಗಾಳಿಯನ್ನು ಯಂತ್ರವಿರುವ ಜಾಗದಿಂದ ಕೋಣೆ ಕೋಣೆಗೆ ಒಯ್ಯುವುದು ಅದರ ಕೆಲಸ.

ಈ ನಾಳವನ್ನು ಅಚ್ಚಿನಲ್ಲಿ ಎರಕ ಹೊಯ್ದು ಮಾಡಿಲ್ಲ. ಚಪ್ಪಟೆ ತಗಡನ್ನು ಗೀರಿ, ಕತ್ತರಿಸಿ, ಮಡಿಸಿ, ಬಡಿದು ಮಾಡಿದ್ದಾರೆ. ನೀವು ಶಾಲೆಯಲ್ಲಿ ಕಲಿಯುವ ಸುತ್ತಳತೆ, ವಿಸ್ತೀರ್ಣ, ತ್ರಿಭುಜ, ವೃತ್ತ ಎಲ್ಲವೂ ಆ ತಗಡಿನಲ್ಲಿ ಅಡಗಿವೆ. ಬನ್ನಿ, ಅವನ್ನು ಒಂದೊಂದಾಗಿ ಹೊರತೆಗೆಯೋಣ.

ಗಾಳಿಗೂ ಒಂದು ನಾಲೆ

ಗಾಳಿಯ ಗುಣವನ್ನು ಹತೋಟಿಯಲ್ಲಿಡುವ ಆಧುನಿಕ ಯಂತ್ರವನ್ನು ಮೊದಲು ರೂಪಿಸಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ, ಕಾಗದಕ್ಕಾಗಿ! 1902ರಲ್ಲಿ ಅಮೆರಿಕದ ಬ್ರೂಕ್ಲಿನ್ ಎಂಬಲ್ಲಿ ಒಂದು ಮುದ್ರಣಾಲಯದವರಿಗೆ ದೊಡ್ಡ ತೊಂದರೆಯಾಗಿತ್ತು. ಗಾಳಿಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಪಕ್ಕಕ್ಕೆ ಸರಿಯುತ್ತಿದ್ದವು. ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ಗಾಳಿಯ ತೇವವನ್ನು ಹತೋಟಿಗೆ ತರುವ ಯಂತ್ರವನ್ನು ರೂಪಿಸಿದರು. ಮಲೆನಾಡಿನ ಮಳೆಗಾಲದಲ್ಲಿ ನಿಮ್ಮ ನೋಟುಪುಸ್ತಕದ ಹಾಳೆ ಮೆತ್ತಗಾಗಿ ಸುರುಳಿಯಾಗುವುದನ್ನು ಕಂಡವರಿಗೆ ಆ ತೊಂದರೆ ಸುಲಭವಾಗಿ ಅರ್ಥವಾಗುತ್ತದೆ.

ಗಾಳಿಯನ್ನು ಒಂದು ಕಡೆ ತಂಪು ಮಾಡಿದರೆ ಸಾಲದು. ಅದು ಎಲ್ಲ ಕೋಣೆಗಳಿಗೂ ಹಂಚಿಕೆಯಾಗಬೇಕು. ಶಂಕರಘಟ್ಟದ ಹತ್ತಿರವೇ ಇರುವ ಭದ್ರಾ ಜಲಾಶಯವನ್ನು ನೆನಪಿಸಿಕೊಳ್ಳಿ. ಅಲ್ಲಿಂದ ಹೊರಡುವ ನಾಲೆ ಆರಂಭದಲ್ಲಿ ಅಗಲವಾಗಿರುತ್ತದೆ. ದಾರಿಯಲ್ಲಿ ಉಪನಾಲೆಗಳಿಗೆ ನೀರು ಕೊಡುತ್ತಾ ಹೋದಂತೆ ಅದರ ಅಗಲ ಕಡಿಮೆಯಾಗುತ್ತದೆ. ಕೊನೆಯ ಗದ್ದೆಗೆ ಹೋಗುವ ಕಾಲುವೆ ಒಂದೇ ಹೆಜ್ಜೆಗೆ ದಾಟುವಷ್ಟು ಚಿಕ್ಕದು. ಗಾಳಿಯ ನಾಳವೂ ಹೀಗೆಯೇ.

ಒಂದು ಲೆಕ್ಕ ನೋಡೋಣ. ಮುಖ್ಯ ನಾಳದ ಬಾಯಿ 60 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ ಇದೆ ಎನ್ನಿ. ವಿಸ್ತೀರ್ಣ 1800 ಚದರ ಸೆಂ.ಮೀ. ಮೂರು ಸಮಾನ ಕೋಣೆಗಳಿಗೆ ಅದು ಗಾಳಿ ಕೊಡಬೇಕು. ಮೊದಲ ಕೋಣೆಗೆ ಮೂರನೇ ಒಂದು ಭಾಗ ಕೊಟ್ಟ ಮೇಲೆ ಉಳಿದ ಗಾಳಿಗೆ 1200 ಚದರ ಸೆಂ.ಮೀ. ಸಾಕು, ಅಂದರೆ 40 × 30. ಎರಡನೇ ಕೋಣೆಗೆ ಕೊಟ್ಟ ಮೇಲೆ 600 ಚದರ ಸೆಂ.ಮೀ., ಅಂದರೆ 20 × 30. ಹೀಗೆ ಕಿರಿದಾಗಿಸಿದರೆ ಕೊನೆಯವರೆಗೂ ಗಾಳಿಯ ವೇಗ ಒಂದೇ ಸಮನಾಗಿರುತ್ತದೆ, ತಗಡೂ ಉಳಿಯುತ್ತದೆ.

ಯಾವ ತಗಡು?

ಈ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಸತುವಿನ ಲೇಪವಿರುವ ಉಕ್ಕಿನ ತಗಡು. ಅಂಗಡಿಯಲ್ಲಿ ಇದನ್ನು 'ಜಿ.ಐ. ಶೀಟು' ಎನ್ನುತ್ತಾರೆ. ನಮ್ಮ ಕಡೆ ಸೂರಿನಂಚಿಗೆ ಕಟ್ಟುವ ಮಳೆನೀರಿನ ದೋಣಿ, ಬಕೆಟ್ಟು ಇವೆಲ್ಲ ಇದೇ ತಗಡಿನಲ್ಲಿ ಆಗುತ್ತವೆ. ಹೊಸ ತಗಡನ್ನು ಬಿಸಿಲಿಗೆ ಹಿಡಿದರೆ ಅದರ ಮೇಲೆ ಹೂವಿನಂಥ ಚಿತ್ತಾರ ಕಾಣುವುದುಂಟು. ಕರಗಿದ ಸತು ಆರಿ ಗಟ್ಟಿಯಾಗುವಾಗ ಮೂಡಿದ ಹರಳುಗಳ ಗುರುತು ಅದು.

ಸತು ಏಕೆ? ಕಬ್ಬಿಣ ನೀರು ಮತ್ತು ಗಾಳಿ ಸೇರಿದರೆ ತುಕ್ಕು ಹಿಡಿಯುತ್ತದೆ. ಸತುವಿನ ಪದರ ಕಬ್ಬಿಣಕ್ಕೆ ಗಾಳಿ, ನೀರು ತಾಗದಂತೆ ತಡೆಯುತ್ತದೆ. ಅಷ್ಟೇ ಅಲ್ಲ, ತಗಡಿನ ಮೇಲೆ ಚಿಕ್ಕ ಗೀರು ಬಿದ್ದು ಕಬ್ಬಿಣ ಹೊರಗೆ ಕಂಡರೂ, ಪಕ್ಕದ ಸತು ಮೊದಲು ತಾನು ಸವೆದು ಕಬ್ಬಿಣವನ್ನು ಕಾಪಾಡುತ್ತದೆ.

ತಗಡಿನ ಸಾಮಾನ್ಯ ಅಳತೆ 8 ಅಡಿ ಉದ್ದ, 4 ಅಡಿ ಅಗಲ. ಸೆಂಟಿಮೀಟರಿನಲ್ಲಿ ಹೇಳುವುದಾದರೆ ಸುಮಾರು 244 × 122. ದಪ್ಪ ಎಷ್ಟಿರಬೇಕು ಎನ್ನುವುದು ನಾಳದ ಅಗಲವನ್ನು ಅವಲಂಬಿಸಿದೆ. 75 ಸೆಂ.ಮೀ. ಅಗಲದವರೆಗಿನ ನಾಳಕ್ಕೆ 0.63 ಮಿ.ಮೀ. ದಪ್ಪದ ತಗಡು ಬಳಸುವುದು ರೂಢಿ. ಅದಕ್ಕಿಂತ ಅಗಲವಾದರೆ 0.8 ಮಿ.ಮೀ., ಇನ್ನೂ ಅಗಲವಾದರೆ 1 ಮಿ.ಮೀ. 0.63 ಎಂದರೆ ಒಂದು ಮಿಲಿಮೀಟರೂ ಇಲ್ಲ. ಆದರೂ ಅಂಥ ಒಂದು ಇಡೀ ಹಾಳೆ ಸುಮಾರು 15 ಕಿಲೋಗ್ರಾಂ ತೂಗುತ್ತದೆ.

ಮೊದಲು ಬಿಡಿಸು, ಆಮೇಲೆ ಮಡಿಸು

ಬೆಂಕಿಪೊಟ್ಟಣದ ಹೊರಕವಚವನ್ನು ತೆಗೆದುಕೊಂಡು ಅದರ ಅಂಟನ್ನು ಜಾಗರೂಕತೆಯಿಂದ ಬಿಡಿಸಿ. ಅದು ಒಂದು ಆಯತವಾಗುತ್ತದೆ. ಅದರಲ್ಲಿ ನಾಲ್ಕು ಮಡಿಕೆಯ ಗೆರೆಗಳೂ ಅಂಟು ಹಚ್ಚಿದ ಒಂದು ಪಟ್ಟಿಯೂ ಕಾಣುತ್ತವೆ. ಘನಾಕೃತಿಯನ್ನು ಹೀಗೆ ಬಿಡಿಸಿ ಚಪ್ಪಟೆ ಮಾಡಿದಾಗ ಸಿಗುವ ಆಕಾರವನ್ನು ನೀವು ಗಣಿತದಲ್ಲಿ 'ಜಾಲಾಕೃತಿ' ಎಂದು ಕಲಿತಿದ್ದೀರಿ. ತಗಡಿನ ಕೆಲಸಗಾರರು ಇದನ್ನೇ ಹಿಂದುಮುಂದಾಗಿ ಮಾಡುತ್ತಾರೆ. ಇನ್ನೂ ಹುಟ್ಟದ ನಾಳವನ್ನು ಮನಸ್ಸಿನಲ್ಲೇ ಬಿಡಿಸಿ, ಅದರ ಜಾಲಾಕೃತಿಯನ್ನು ತಗಡಿನ ಮೇಲೆ ಬರೆಯುತ್ತಾರೆ.

40 × 30 ಸೆಂ.ಮೀ. ಬಾಯಿಯ ನಾಳಕ್ಕೆ ಎಷ್ಟು ಅಗಲದ ತಗಡು ಬೇಕು? ಸುತ್ತಳತೆ 40 + 30 + 40 + 30 = 140 ಸೆಂ.ಮೀ. ಹಾಗಾದರೆ 140 ಸೆಂ.ಮೀ. ಕತ್ತರಿಸಿದರೆ ಸಾಕೇ? ಸಾಲದು. ಎರಡು ಅಂಚುಗಳನ್ನು ಒಂದಕ್ಕೊಂದು ಕೂಡಿಸಲು ಮಡಿಕೆ ಬೇಕಲ್ಲವೇ? ಒಂದು ಅಂಚಿಗೆ ಸುಮಾರು 3 ಸೆಂ.ಮೀ., ಇನ್ನೊಂದಕ್ಕೆ ಸುಮಾರು 1 ಸೆಂ.ಮೀ. ಸೇರಿಸಬೇಕು. ಒಟ್ಟು 144 ಸೆಂ.ಮೀ.

ಮಡಿಕೆಯ ಲೆಕ್ಕ ಮರೆತು 140ಕ್ಕೇ ಕತ್ತರಿಸಿದರೆ ಏನಾಗುತ್ತದೆ? ಮಡಿಕೆ 4 ಸೆಂ.ಮೀ. ನುಂಗಿಬಿಡುತ್ತದೆ. ಸುತ್ತಳತೆ 136ಕ್ಕೆ ಇಳಿಯುತ್ತದೆ. ಪಕ್ಕದ ನಾಳದ ಬಾಯಿಗೆ ಇದರ ಬಾಯಿ ಹೊಂದುವುದಿಲ್ಲ. ಬಟ್ಟೆಯಾದರೆ ತೇಪೆ ಹಾಕಬಹುದು, ಮಣ್ಣಾದರೆ ಕಲಸಿ ಮತ್ತೆ ಮಾಡಬಹುದು. ಕತ್ತರಿಸಿದ ತಗಡು ಮತ್ತೆ ಕೂಡದು. ಆದ್ದರಿಂದಲೇ ಒಳ್ಳೆಯ ಕೆಲಸಗಾರರು ಕತ್ತರಿ ಹಿಡಿಯುವುದಕ್ಕಿಂತ ಹೆಚ್ಚು ಹೊತ್ತು ಅಳತೆಪಟ್ಟಿ, ಮೂಲೆಮಟ್ಟ, ಕೈವಾರ ಹಿಡಿದಿರುತ್ತಾರೆ. ಉಕ್ಕಿನ ಮೊನೆಯಿಂದ ತಗಡಿನ ಮೇಲೆ ಸಣ್ಣ ಗೀರು ಎಳೆದು ಗುರುತು ಮಾಡುತ್ತಾರೆ. ಸೀಮೆಸುಣ್ಣದ ಗೆರೆ ದಪ್ಪವಾಗಿರುತ್ತದೆ, ಅದರಲ್ಲೇ ಒಂದೆರಡು ಮಿಲಿಮೀಟರು ತಪ್ಪಿಹೋಗಬಹುದು.

ಇನ್ನೊಂದು ಜಾಣತನವಿದೆ. 244 ಸೆಂ.ಮೀ. ಉದ್ದದ ಹಾಳೆಯಲ್ಲಿ 144 ಸೆಂ.ಮೀ. ತೆಗೆದರೆ 100 ಸೆಂ.ಮೀ. ಉಳಿಯುತ್ತದೆ. ಅದನ್ನು ಮೂಲೆಗೆ ಎಸೆಯುವುದಿಲ್ಲ. 30 × 18 ಸೆಂ.ಮೀ. ನಾಳದ ಸುತ್ತಳತೆ 96, ಮಡಿಕೆಗೆ 4, ಒಟ್ಟು ಸರಿಯಾಗಿ 100! ಯಾವ ತುಂಡಿನಲ್ಲಿ ಏನು ಹುಟ್ಟುತ್ತದೆ ಎಂದು ಮೊದಲೇ ಲೆಕ್ಕ ಹಾಕಿದರೆ ತಗಡು ಹಾಳಾಗುವುದಿಲ್ಲ.

ಬೆಂಕಿ ಇಲ್ಲದ ಬೆಸುಗೆ

ಕಬ್ಬಿಣದ ಕಿಟಕಿ, ಗೇಟುಗಳನ್ನು ವೆಲ್ಡಿಂಗ್ ಮಾಡಿ ಕೂಡಿಸುವುದನ್ನು ನೋಡಿದ್ದೀರಿ. ಈ ತಗಡನ್ನೂ ಹಾಗೆ ಮಾಡಬಾರದೇ? ಮಾಡಬಾರದು ಎನ್ನಲು ಕಾರಣಗಳಿವೆ. ತಗಡು ಬಹಳ ತೆಳುವಾದ್ದರಿಂದ ಕಾವಿಗೆ ಸೊಟ್ಟಗಾಗುತ್ತದೆ, ತೂತೂ ಬೀಳಬಹುದು. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಸುಮಾರು 907 ಡಿಗ್ರಿಯಲ್ಲಿ ಕುದಿಯುತ್ತದೆ. ಉಕ್ಕು ಕರಗಲು 1400 ಡಿಗ್ರಿಗಿಂತ ಹೆಚ್ಚು ಬೇಕು. ಹೀಗಾಗಿ ಉಕ್ಕು ಕರಗುವ ಮೊದಲೇ ಸತು ಹೊಗೆಯಾಗಿ ಹಾರಿಹೋಗುತ್ತದೆ. ಆ ಜಾಗದಲ್ಲಿ ತುಕ್ಕು ಬರುತ್ತದೆ. ಆ ಹೊಗೆಯನ್ನು ಉಸಿರಾಡಿದ ಕೆಲಸಗಾರರಿಗೆ ಜ್ವರ ಬರುವುದೂ ಉಂಟು.

ಅದಕ್ಕೇ ಇಲ್ಲಿ ಮಡಿಕೆಯೇ ಬೆಸುಗೆ. ನೀವು ಪುಸ್ತಕಕ್ಕೆ ಹೊದಿಕೆ ಹಾಕುವಾಗ ರಟ್ಟಿನ ಅಂಚನ್ನು ಕಾಗದದ ಮಡಿಕೆಯೊಳಗೆ ತೂರಿಸುತ್ತೀರಿ. ಅದೇ ರೀತಿ ತಗಡಿನ ಒಂದು ಅಂಚನ್ನು ಹಿಂದೆ ಮುಂದೆ ಮಡಿಸಿ ಕಿಸೆಯಂತೆ ಮಾಡುತ್ತಾರೆ. ಇದಕ್ಕೇ 3 ಸೆಂ.ಮೀ. ಬೇಕಾಗಿದ್ದು. ಇನ್ನೊಂದು ಅಂಚನ್ನು ಲಂಬಕೋನಕ್ಕೆ ಬಗ್ಗಿಸಿ ಆ ಕಿಸೆಯೊಳಗೆ ಇಳಿಸುತ್ತಾರೆ. ಕಿಸೆಯಿಂದ ಮೇಲೆ ಉಳಿದ ತುಟಿಯನ್ನು ಸುತ್ತಿಗೆಯಿಂದ ಬಡಿದು ಮುಚ್ಚುತ್ತಾರೆ. ಒಳಗೆ ಹೋದದ್ದು ಹೊರಗೆ ಬರಲಾರದು. ಈ ಮಡಿಕೆಗೆ 'ಪಿಟ್ಸ್‌ಬರ್ಗ್ ಲಾಕ್' ಎಂದು ಹೆಸರು. ತಗಡಿನ ಟ್ರಂಕು ಅಥವಾ ಡಬ್ಬಿ ಮನೆಯಲ್ಲಿದ್ದರೆ ಅದರ ಅಂಚನ್ನು ನೋಡಿ. ಇದೇ ಜಾತಿಯ ಮಡಿಕೆ ಅಲ್ಲಿ ಸಿಗುತ್ತದೆ.

ತಗಡನ್ನು ಬಗ್ಗಿಸುವಾಗ ಕಬ್ಬಿಣದ ಪಟ್ಟಿಯ ಅಂಚಿನ ಮೇಲಿಟ್ಟು ಮರದ ಕೊಡತಿಯಿಂದ ಬಡಿಯುತ್ತಾರೆ. ಕಬ್ಬಿಣದ ಸುತ್ತಿಗೆಯಿಂದ ನೇರವಾಗಿ ಬಡಿದರೆ ತಗಡು ಆ ಜಾಗದಲ್ಲಿ ಹಿಗ್ಗಿ ಗುಳಿ ಬೀಳುತ್ತದೆ. ಮರ ಮೆತ್ತಗಿರುವುದರಿಂದ ಪೆಟ್ಟು ಹರಡಿಕೊಳ್ಳುತ್ತದೆ. ಒಂದೇ ಪೆಟ್ಟಿಗೆ ಪೂರ್ತಿ ಬಗ್ಗಿಸುವುದೂ ಇಲ್ಲ. ಈ ತುದಿಯಿಂದ ಆ ತುದಿಯವರೆಗೆ ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತಾ ಎರಡು ಮೂರು ಬಾರಿ ಸಾಗುತ್ತಾರೆ.

ನಾಳ 'ಡಬ್' ಎನ್ನುವುದೇಕೆ?

ದೊಡ್ಡ ಎಣ್ಣೆ ಡಬ್ಬದ ಚಪ್ಪಟೆ ಪಕ್ಕವನ್ನು ಒತ್ತಿದರೆ 'ಡಬ್' ಎಂದು ಒಳಗೆ ಹೋಗುತ್ತದೆ, ಬಿಟ್ಟರೆ 'ಡಬ್' ಎಂದು ಹೊರಗೆ ಬರುತ್ತದೆ. ಫ್ಯಾನು ಆರಂಭವಾದಾಗ, ನಿಂತಾಗ ಗಾಳಿಯ ನಾಳವೂ ಹೀಗೆ ಸದ್ದು ಮಾಡಬಹುದು.

ಗಾಳಿಗೆ ಅಷ್ಟು ಬಲವಿದೆಯೇ? ನಾಳದೊಳಗಿನ ಒತ್ತಡ ಹೊರಗಿನದಕ್ಕಿಂತ 250 ಪಾಸ್ಕಲ್ ಹೆಚ್ಚಿದೆ ಎನ್ನಿ. ಇದು ಬಹಳ ಕಡಿಮೆ ಒತ್ತಡ. ಎರಡೂವರೆ ಸೆಂ.ಮೀ. ಎತ್ತರದ ನೀರು ತಳವನ್ನು ಒತ್ತುವಷ್ಟೇ. ಆದರೆ ಒಂದು ಚದರ ಮೀಟರು ತಗಡಿನ ಮೇಲೆ ಅದು 250 ನ್ಯೂಟನ್ ಬಲವಾಗುತ್ತದೆ. ಅಂದರೆ 25 ಕಿಲೋಗ್ರಾಂ ಅಕ್ಕಿ ಚೀಲದ ಭಾರ! ಒತ್ತಡ ಚಿಕ್ಕದಾದರೂ ವಿಸ್ತೀರ್ಣ ದೊಡ್ಡದಾದರೆ ಬಲ ದೊಡ್ಡದಾಗುತ್ತದೆ. ಅಗಲದ ನಾಳಕ್ಕೆ ದಪ್ಪ ತಗಡು ಬೇಕಾಗುವುದು ಇದಕ್ಕೇ.

ದಪ್ಪ ಹೆಚ್ಚಿಸದೆಯೂ ತಗಡನ್ನು ಬಿಗಿ ಮಾಡಬಹುದು. ಒಂದು ಹಾಳೆಯನ್ನು ಮೇಜಿನ ಅಂಚಿನಿಂದ ಅರ್ಧ ಹೊರಗೆ ಚಾಚಿ. ಬಾಗಿ ಬೀಳುತ್ತದೆ. ಅದೇ ಹಾಳೆಯನ್ನು ಉದ್ದಕ್ಕೆ ನಡುವೆ ಸ್ವಲ್ಪ ಮಡಿಸಿ ಮತ್ತೆ ಚಾಚಿ. ಈಗ ನೇರವಾಗಿ ನಿಲ್ಲುತ್ತದೆ. ಕೆಲಸಗಾರರು ನಾಳದ ಪ್ರತಿ ಪಕ್ಕದಲ್ಲೂ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳ ಉದ್ದಕ್ಕೂ ಸ್ವಲ್ಪ ಬಗ್ಗಿಸಿರುತ್ತಾರೆ. ನಾಳದ ಮೇಲೆ ಗುಣಾಕಾರದ ಚಿಹ್ನೆಯಂಥ ಗೆರೆ ಕಂಡರೆ ಅದು ಅಲಂಕಾರವಲ್ಲ, ನಾಳದ ಬಲ ಎಂದು ತಿಳಿಯಿರಿ.

ದುಂಡೋ, ಚೌಕವೋ?

ಗಾಳಿ ಹೋಗಲು 900 ಚದರ ಸೆಂ.ಮೀ. ಬಾಯಿ ಬೇಕು ಎನ್ನಿ. ಅದನ್ನು ಹಲವು ಆಕಾರಗಳಲ್ಲಿ ಮಾಡಬಹುದು. ಪ್ರತಿಯೊಂದರ ಸುತ್ತಳತೆ ನೋಡಿ.

ವೃತ್ತ, ವ್ಯಾಸ ಸುಮಾರು 33.9 ಸೆಂ.ಮೀ.: ಸುತ್ತಳತೆ ಸುಮಾರು 106 ಸೆಂ.ಮೀ.
ಚೌಕ, 30 × 30: ಸುತ್ತಳತೆ 120 ಸೆಂ.ಮೀ.
ಆಯತ, 60 × 15: ಸುತ್ತಳತೆ 150 ಸೆಂ.ಮೀ.
ಆಯತ, 90 × 10: ಸುತ್ತಳತೆ 200 ಸೆಂ.ಮೀ.

ಹೋಗುವ ಜಾಗ ಒಂದೇ, ಬೇಕಾಗುವ ತಗಡು ಮಾತ್ರ ಬೇರೆ ಬೇರೆ! ವೃತ್ತಕ್ಕೆ ಎಲ್ಲಕ್ಕಿಂತ ಕಡಿಮೆ ಸಾಕು. ಗಾಳಿ ಗೋಡೆಗೆ ಉಜ್ಜಿಕೊಂಡು ಹೋಗುವಾಗ ಘರ್ಷಣೆ ಆಗುವುದರಿಂದ, ಗೋಡೆ ಕಡಿಮೆಯಿದ್ದಷ್ಟೂ ಫ್ಯಾನಿಗೆ ಶ್ರಮ ಕಡಿಮೆ. ಹಾಗಿದ್ದರೂ ಆಯತಾಕಾರದ ನಾಳಗಳೇ ಏಕೆ ಹೆಚ್ಚು ಕಾಣುತ್ತವೆ? ಚಾವಣಿಗೂ ಸುಳ್ಳು ಚಾವಣಿಗೂ ನಡುವೆ ಜಾಗ ಕಡಿಮೆ. ಅಲ್ಲಿ ದುಂಡು ನಾಳ ಹಿಡಿಸುವುದಿಲ್ಲ, ಚಪ್ಪಟೆ ನಾಳ ಹಿಡಿಸುತ್ತದೆ. ಕೈಯಿಂದ ಮೂರು ಮಡಿಕೆ ಹಾಕುವುದೂ ಸುಲಭ.

ತಿರುವಿನಲ್ಲಿ ಅಡಗಿದ ಅಲೆ

ನಾಳ ನೇರವಾಗಿಯೇ ಹೋಗುವುದಿಲ್ಲ, ತಿರುಗಬೇಕಾಗುತ್ತದೆ. ದುಂಡು ನಾಳವನ್ನು ತಿರುಗಿಸುವುದು ಹೇಗೆ? ಬಾಳೆದಿಂಡಿನ ಒಂದು ತುಂಡನ್ನು ತೆಗೆದುಕೊಳ್ಳಿ. ಮನೆಯ ಹಿರಿಯರಿಂದ ಅದನ್ನು ನಡುವೆ ಓರೆಯಾಗಿ ಕತ್ತರಿಸಿಕೊಳ್ಳಿ. ಒಂದು ತುಂಡನ್ನು ಅರ್ಧ ಸುತ್ತು ತಿರುಗಿಸಿ, ಕತ್ತರಿಸಿದ ಮುಖಗಳನ್ನು ಮತ್ತೆ ಕೂಡಿಸಿ. ನೇರವಾಗಿದ್ದ ದಿಂಡು ಮೊಣಕೈಯಂತೆ ತಿರುಗಿತಲ್ಲವೇ? 45 ಡಿಗ್ರಿ ಓರೆಯಲ್ಲಿ ಕತ್ತರಿಸಿದ್ದರೆ ಸರಿಯಾಗಿ ಲಂಬಕೋನ ಸಿಗುತ್ತದೆ.

ಈಗ ಒಂದು ತುಂಡಿನ ಸುತ್ತ ಕಾಗದವನ್ನು ಒಂದು ಸುತ್ತು ಸುತ್ತಿ. ಓರೆಯಾದ ಅಂಚಿನ ಗುಂಟ ಬೆರಳಿನಿಂದ ಒತ್ತುತ್ತಾ ಬನ್ನಿ. ಕಾಗದದ ಮೇಲೆ ಒದ್ದೆಯ ಗುರುತು ಬೀಳುತ್ತದೆ. ಅದರ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಕಾಗದವನ್ನು ಬಿಡಿಸಿ ನೋಡಿ. ನೇರ ಕತ್ತರಿಕೆ ಚಪ್ಪಟೆ ಹಾಳೆಯಲ್ಲಿ ಅಲೆಯಾಗಿ ಕಾಣುತ್ತದೆ! ತಗಡಿನ ಮೇಲೆ ಈ ಅಲೆಯನ್ನೇ ಬರೆದು ಕತ್ತರಿಸಿ, ಉರುಳಿಸಿ ಕೂಡಿಸಿದರೆ ತಿರುವು ತಯಾರು. ಒಂದೇ ಸಲಕ್ಕೆ ತಿರುಗಿಸಿದರೆ ಗಾಳಿ ಮೂಲೆಯಲ್ಲಿ ಸುಳಿಯಾಗಿ ನಿಲ್ಲುತ್ತದೆ. ಆದ್ದರಿಂದ ನಾಲ್ಕೈದು ತುಂಡುಗಳಲ್ಲಿ ಮೆಲ್ಲಗೆ ತಿರುಗಿಸುತ್ತಾರೆ.

ಚೌಕದಿಂದ ವೃತ್ತಕ್ಕೆ

ಎಲ್ಲಕ್ಕಿಂತ ಕಷ್ಟದ ತುಂಡು ಯಾವುದು ಗೊತ್ತೇ? ಒಂದು ತುದಿ ಚೌಕ, ಇನ್ನೊಂದು ತುದಿ ವೃತ್ತ ಇರುವ ತುಂಡು. ಫ್ಯಾನಿನ ದುಂಡು ಬಾಯಿಗೆ ಚೌಕದ ನಾಳ ಕೂಡಿಸಲು ಇದು ಬೇಕು. ಇದನ್ನು ಬಿಡಿಸುವುದು ಹೇಗೆ?

ಇಲ್ಲಿ ನೆರವಿಗೆ ಬರುವುದು ತ್ರಿಭುಜ. ಮೂರು ಬಾಹುಗಳ ಅಳತೆ ಗೊತ್ತಿದ್ದರೆ ತ್ರಿಭುಜ ಒಂದೇ ಆಕಾರದಲ್ಲಿ ಬರುತ್ತದೆ, ಬೇರೆ ಬರಲು ಸಾಧ್ಯವೇ ಇಲ್ಲ. ಕೆಲಸಗಾರರು ವೃತ್ತವನ್ನು 12 ಸಮಭಾಗ ಮಾಡುತ್ತಾರೆ. ಚೌಕದ ಪ್ರತಿ ಮೂಲೆಯಿಂದ ಹತ್ತಿರದ 4 ಬಿಂದುಗಳಿಗೆ ಗೆರೆ ಎಳೆಯುತ್ತಾರೆ. ಆಗ ಮೂಲೆಗೆ 3ರಂತೆ 12 ಕಿರಿಯ ತ್ರಿಭುಜಗಳು, ಚೌಕದ ಬದಿಗೆ ಒಂದರಂತೆ 4 ದೊಡ್ಡ ತ್ರಿಭುಜಗಳು, ಒಟ್ಟು 16 ತ್ರಿಭುಜಗಳಾಗುತ್ತವೆ. ಕೈವಾರದಿಂದ ಅವನ್ನು ಒಂದರ ಪಕ್ಕ ಒಂದರಂತೆ ತಗಡಿನ ಮೇಲೆ ಬರೆದರೆ ಜಾಲಾಕೃತಿ ಸಿದ್ಧ.

ಒಂದು ಎಚ್ಚರ ಬೇಕು. ಮೇಲಿನಿಂದ ನೋಡಿ ಬರೆದ ಚಿತ್ರದಲ್ಲಿ ಗೆರೆಯ ನಿಜವಾದ ಉದ್ದ ಕಾಣುವುದಿಲ್ಲ. ಗೋಡೆಗೆ ಒರಗಿಸಿದ ಏಣಿಯನ್ನು ನೆತ್ತಿಯ ಮೇಲಿನಿಂದ ನೋಡಿದರೆ ಗಿಡ್ಡವಾಗಿ ಕಾಣುತ್ತದೆಯಲ್ಲ, ಹಾಗೆ. ಚಿತ್ರದಲ್ಲಿ ಗೆರೆ 30 ಸೆಂ.ಮೀ. ಇದ್ದು, ತುಂಡಿನ ಎತ್ತರ 40 ಸೆಂ.ಮೀ. ಇದ್ದರೆ ನಿಜವಾದ ಉದ್ದ ಎಷ್ಟು? 30ರ ವರ್ಗ 900, 40ರ ವರ್ಗ 1600, ಕೂಡಿದರೆ 2500, ಅದರ ವರ್ಗಮೂಲ 50. ಪೈಥಾಗೊರಸನ ಪ್ರಮೇಯ ಪರೀಕ್ಷೆಯ ಹಾಳೆಯಿಂದ ಎದ್ದು ತಗಡಿನ ಮೇಲೆ ಬಂದು ಕುಳಿತಿದೆ!

ಸೋರಿದರೆ ಏನಾಗುತ್ತದೆ?

ಇಷ್ಟೆಲ್ಲ ಲೆಕ್ಕ ಏಕೆ, ಸ್ವಲ್ಪ ಹೆಚ್ಚುಕಡಿಮೆ ಆದರೆ ಏನಾಯಿತು ಎಂದು ನೀವು ಕೇಳಬಹುದು. ಅಳತೆ ತಪ್ಪಿದರೆ ಕೂಡಿಕೆಯಲ್ಲಿ ಸಂದು ಉಳಿಯುತ್ತದೆ. ಸಂದಿನಲ್ಲಿ ಗಾಳಿ ಸೋರುತ್ತದೆ. ನೀರು ಸೋರಿದರೆ ನೆಲ ಒದ್ದೆಯಾಗಿ ಗೊತ್ತಾಗುತ್ತದೆ. ಗಾಳಿ ಸೋರುವುದು ಕಣ್ಣಿಗೆ ಕಾಣುವುದಿಲ್ಲ. ವಿದ್ಯುತ್ ಖರ್ಚು ಮಾಡಿ ತಂಪು ಮಾಡಿದ ಗಾಳಿ ಯಾರೂ ಇಲ್ಲದ ಚಾವಣಿಯ ಸಂದಿಗೆ ಹೋಗಿ ಸೇರುತ್ತದೆ.

ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯನ್ನು ಯೋಚಿಸಿ. ಅಲ್ಲಿಗೆ ಸೋಸಿದ ಶುದ್ಧ ಗಾಳಿಯನ್ನು ತುಂಬಿ, ಒಳಗಿನ ಒತ್ತಡ ಹೊರಗಿಗಿಂತ ತುಸು ಹೆಚ್ಚಿರುವಂತೆ ನೋಡಿಕೊಳ್ಳುತ್ತಾರೆ. ಬಾಗಿಲು ತೆರೆದರೂ ಗಾಳಿ ಒಳಗಿನಿಂದ ಹೊರಗೆ ಹೋಗುತ್ತದೆ. ಹೊರಗಿನ ದೂಳು, ರೋಗಾಣು ಒಳಗೆ ನುಗ್ಗುವುದಿಲ್ಲ. ನಾಳ ಸೋರಿ ಗಾಳಿ ಕಡಿಮೆಯಾದರೆ ಈ ರಕ್ಷಣೆ ತಗ್ಗುತ್ತದೆ. ಮೇಜಿನ ಮೇಲೆ ಮಲಗಿದ ರೋಗಿಗೆ ನಾಳ ಮಾಡಿದವರ ಮುಖ ಗೊತ್ತಿರುವುದಿಲ್ಲ. ಆದರೂ ಆ ಕೈಯ ಮಡಿಕೆ ರೋಗಿಯನ್ನು ಕಾಯುತ್ತಿರುತ್ತದೆ.

ತಂಪು ನಾಳಕ್ಕೆ ಇನ್ನೊಂದು ತೊಂದರೆ ಇದೆ. ತಣ್ಣೀರು ತುಂಬಿದ ಸ್ಟೀಲು ಲೋಟದ ಹೊರಗೆ ಹನಿ ಕಟ್ಟುವುದನ್ನು ನೋಡಿದ್ದೀರಿ. ಹೊರಗಾಳಿಯ ನೀರಾವಿ ತಣ್ಣನೆಯ ಲೋಹ ತಾಗಿ ನೀರಾಗುತ್ತದೆ. ನಾಳದ ಮೇಲೂ ಹೀಗೆ ಹನಿ ಕಟ್ಟಿ ಚಾವಣಿ ಒದ್ದೆಯಾಗಬಹುದು. ಆದ್ದರಿಂದ ನಾಳಕ್ಕೆ ಉಷ್ಣ ನಿರೋಧಕದ ಹೊದಿಕೆ ಸುತ್ತುತ್ತಾರೆ. ಇದರಿಂದ ತಂಪೂ ಉಳಿಯುತ್ತದೆ, ಹನಿಯೂ ಕಟ್ಟುವುದಿಲ್ಲ.

ಮಾಡಿ ನೋಡಿ: ರಟ್ಟಿನ ನಾಳ

ನಿಜವಾದ ತಗಡನ್ನು ನೀವು ಮುಟ್ಟಬೇಡಿ. ಕತ್ತರಿಸಿದ ತಗಡಿನ ಅಂಚು ಚಾಕುವಿನಷ್ಟೇ ಹರಿತ. ಅನುಭವಿಗಳೂ ಕೈಗವಸು ಹಾಕಿಯೇ ಕೆಲಸ ಮಾಡಬೇಕು. ನಮಗೆ ದಪ್ಪ ಕಾಗದ ಸಾಕು.

ಬೇಕಾಗುವ ವಸ್ತುಗಳು: ಎ-4 ಅಳತೆಯ ಎರಡು ದಪ್ಪ ಹಾಳೆಗಳು, ಅಳತೆಪಟ್ಟಿ, ಪೆನ್ಸಿಲು, ಅಂಟು, ಟಾರ್ಚು.

1. ಎ-4 ಹಾಳೆಯ ಅಗಲ 21 ಸೆಂ.ಮೀ. ಅದನ್ನು 6, 4, 6, 4, 1 ಸೆಂ.ಮೀ. ಎಂದು ಭಾಗ ಮಾಡಿ ಉದ್ದಕ್ಕೂ ಗೆರೆಗಳನ್ನು ಎಳೆಯಿರಿ. ಕೊನೆಯ 1 ಸೆಂ.ಮೀ. ಕೂಡಿಕೆಯ ಪಟ್ಟಿ.

2. ಗೆರೆಗಳ ಗುಂಟ ಅಳತೆಪಟ್ಟಿ ಇಟ್ಟು ನೇರವಾಗಿ ಮಡಿಸಿ. ಪಟ್ಟಿಗೆ ಅಂಟು ಹಚ್ಚಿ ಕೂಡಿಸಿ. 6 × 4 ಸೆಂ.ಮೀ. ಬಾಯಿಯ ನಾಳ ಸಿದ್ಧವಾಯಿತು.

3. ಇನ್ನೊಂದು ಹಾಳೆಯಲ್ಲೂ ಹೀಗೆಯೇ ಮಾಡಿ. ಆದರೆ ಈ ಬಾರಿ ಬೇಕೆಂದೇ ಗೆರೆಗಳನ್ನು ಅಂದಾಜಿನಲ್ಲಿ ಎಳೆಯಿರಿ, ಅಳೆಯಬೇಡಿ.

4. ಎರಡರ ಬಾಯಿಗಳನ್ನು ಎದುರುಬದುರು ಇಟ್ಟು ಹೊಂದುತ್ತವೆಯೇ ನೋಡಿ.

5. ಕೋಣೆಯನ್ನು ಕತ್ತಲು ಮಾಡಿ, ನಾಳದೊಳಗೆ ಟಾರ್ಚು ಹಾಕಿ. ಎಲ್ಲಿ ಬೆಳಕು ಸೋರುತ್ತದೆಯೋ ಅಲ್ಲಿ ಗಾಳಿಯೂ ಸೋರುತ್ತದೆ. ನಾಳ ಅಳವಡಿಸುವವರೂ ಕತ್ತಲಲ್ಲಿ ದೀಪ ಹಿಡಿದು ಹೀಗೆಯೇ ಪರೀಕ್ಷೆ ಮಾಡುವುದುಂಟು.

ಎರಡು ನಾಳಗಳ ವ್ಯತ್ಯಾಸವನ್ನು ನಿಮ್ಮ ನೋಟುಪುಸ್ತಕದಲ್ಲಿ ಬರೆಯಿರಿ.

ಕೈಯಲ್ಲಿರುವ ವಿದ್ಯೆ

ಈಗ ದೊಡ್ಡ ಕಾರ್ಖಾನೆಗಳಲ್ಲಿ ಕಂಪ್ಯೂಟರು ನಡೆಸುವ ಯಂತ್ರಗಳು ತಗಡನ್ನು ಕತ್ತರಿಸಿ ಮಡಿಸುತ್ತವೆ. ನೇರ ನಾಳಗಳು ಸರಸರನೆ ತಯಾರಾಗುತ್ತವೆ. ಆದರೆ ಕಟ್ಟಡದ ತೊಲೆ ಅಡ್ಡ ಬಂದಾಗ, ಗೋಡೆ ಸ್ವಲ್ಪ ಓರೆಯಾಗಿದ್ದಾಗ, ಹಳೆಯ ನಾಳಕ್ಕೆ ಹೊಸದು ಕೂಡಿಸುವಾಗ ಸ್ಥಳದಲ್ಲೇ ಅಳೆದು ಕೈಯಿಂದ ತುಂಡು ಮಾಡಬೇಕಾಗುತ್ತದೆ. ಯಂತ್ರಕ್ಕೂ ಜಾಲಾಕೃತಿ ಬೇಕೇ ಬೇಕು. ಅದನ್ನು ತಿಳಿದವರೇ ಯಂತ್ರಕ್ಕೆ ಹೇಳಿಕೊಡಬೇಕು.

ಕೈಗಾರಿಕಾ ತರಬೇತಿ ಸಂಸ್ಥೆಗಳ, ಅಂದರೆ ಐ.ಟಿ.ಐ.ಗಳ ಪಠ್ಯಕ್ರಮದಲ್ಲಿ 'ಶೀಟ್ ಮೆಟಲ್ ವರ್ಕರ್' ಎಂಬ ವೃತ್ತಿ ಇದೆ. ಅದನ್ನು ಕಲಿಯುವವರು ಕೈಕೆಲಸದ ಜೊತೆಗೆ ಕಾರ್ಯಾಗಾರದ ಲೆಕ್ಕ ಮತ್ತು ವಿಜ್ಞಾನವನ್ನೂ ಓದಬೇಕು. ತಗಡಿನ ಕೆಲಸವನ್ನು ಕೆಲವರು ಬರೀ ಬಡಿಯುವ ಕೆಲಸ ಎಂದು ಕೀಳಾಗಿ ಕಾಣುತ್ತಾರೆ. ಬಡಿಯುವುದು ಕೊನೆಯ ಹಂತ. ಅದಕ್ಕೆ ಮೊದಲು ತಲೆಯೊಳಗೆ ಒಂದು ಆಕಾರ ಬಿಡಿಸಿಕೊಂಡಿರುತ್ತದೆ. ಆ ಕೆಲಸವನ್ನು ರೇಖಾಗಣಿತ ಎಂದು ಕರೆದರೆ ತಪ್ಪಿಲ್ಲ.

ನಿಮ್ಮ ಊರಿನಲ್ಲಿ ಅಥವಾ ಸಂತೆ ಬೀದಿಯಲ್ಲಿ ಲಾಳಿಕೆ, ಡಬ್ಬಿ, ದೋಣಿ ಮಾಡುವವರು ಇರಬಹುದು. ನಿಮ್ಮ ಮನೆಯಲ್ಲೇ ಇದ್ದರೂ ಇರಬಹುದು. ಅವರಿಗೆ ಬಿಡುವಿದ್ದಾಗ, ದೂರದಲ್ಲಿ ನಿಂತು ಈ ಪ್ರಶ್ನೆ ಕೇಳಿ: "ಈ ಲಾಳಿಕೆ ಮಾಡಲು ತಗಡನ್ನು ಮೊದಲು ಯಾವ ಆಕಾರಕ್ಕೆ ಕತ್ತರಿಸುತ್ತೀರಿ?" ಅವರು ಹೇಳಿದ ಆಕಾರವನ್ನು ಕಾಗದದಲ್ಲಿ ಕತ್ತರಿಸಿ, ಸುರುಳಿ ಸುತ್ತಿ ನೋಡಿ. ತರಗತಿಯಲ್ಲಿ ನಿಮ್ಮ ಗುರುಗಳಿಗೂ ತೋರಿಸಿ.

ಲೆಕ್ಕ ಹಾಕಿ

1. 25 × 20 ಸೆಂ.ಮೀ. ಬಾಯಿಯ ನಾಳ ಮಾಡಬೇಕು. ಮಡಿಕೆಗೆ ಒಟ್ಟು 4 ಸೆಂ.ಮೀ. ಬೇಕು. ತಗಡಿನ ಅಗಲ ಎಷ್ಟಿರಬೇಕು?

2. 35 ಸೆಂ.ಮೀ. ವ್ಯಾಸದ ದುಂಡು ನಾಳದ ಸುತ್ತಳತೆ ಎಷ್ಟು? ಪೈ ಬೆಲೆ 22/7 ಎಂದು ತೆಗೆದುಕೊಳ್ಳಿ.

3. 40 × 40 ಮತ್ತು 80 × 20 ಸೆಂ.ಮೀ. ನಾಳಗಳಲ್ಲಿ ಯಾವುದಕ್ಕೆ ಹೆಚ್ಚು ತಗಡು ಬೇಕು? 120 ಸೆಂ.ಮೀ. ಉದ್ದಕ್ಕೆ ಎಷ್ಟು ಹೆಚ್ಚು?

4. ಮೇಲಿನಿಂದ ನೋಡಿದ ಚಿತ್ರದಲ್ಲಿ ಗೆರೆ 5 ಸೆಂ.ಮೀ. ಇದೆ. ತುಂಡಿನ ಎತ್ತರ 12 ಸೆಂ.ಮೀ. ಗೆರೆಯ ನಿಜವಾದ ಉದ್ದ ಎಷ್ಟು?

5. ನಾಳದ ಬಾಯಿ 900 ಚದರ ಸೆಂ.ಮೀ., ಗಾಳಿಯ ವೇಗ ಸೆಕೆಂಡಿಗೆ 5 ಮೀಟರು. 6 ಮೀ. ಉದ್ದ, 5 ಮೀ. ಅಗಲ, 3 ಮೀ. ಎತ್ತರದ ತರಗತಿಯಷ್ಟು ಗಾಳಿ ಬರಲು ಎಷ್ಟು ಹೊತ್ತು ಬೇಕು?

ಉತ್ತರಗಳು: 1) 94 ಸೆಂ.ಮೀ. 2) 110 ಸೆಂ.ಮೀ. 3) 80 × 20ಕ್ಕೆ ಹೆಚ್ಚು, 4800 ಚದರ ಸೆಂ.ಮೀ. 4) 13 ಸೆಂ.ಮೀ. 5) 900 ಚದರ ಸೆಂ.ಮೀ. ಎಂದರೆ 0.09 ಚದರ ಮೀಟರು. ಸೆಕೆಂಡಿಗೆ 0.45 ಘನ ಮೀಟರು ಗಾಳಿ ಬರುತ್ತದೆ. ತರಗತಿಯ ಘನಫಲ 90 ಘನ ಮೀಟರು. ಆದ್ದರಿಂದ 200 ಸೆಕೆಂಡು, ಅಂದರೆ 3 ನಿಮಿಷ 20 ಸೆಕೆಂಡು.